ತಟ್ಟೆಯ ಅಂಚಿನ ಹನ್ನೊಂದು

ಫೆಬ್ರವರಿ 3

ಅಣ್ಣಾ,

ಈ ಕಾಗದಕ್ಕೆ ಏನಾದರೂ ವಾಸನೆ ಬಂದರೆ ಅದು ನನ್ನ ಕೈಯದು. ಮೂರು ಸಲ ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ಇವತ್ತು ಬೆಳಿಗ್ಗೆ ಲ್ಯಾಬಿನ ಬೆಚ್ಚನೆ ಪೆಟ್ಟಿಗೆ ತೆರೆದರೆ ಒಳಗಿದ್ದ ನಾಲ್ಕು ತಟ್ಟೆಗಳಿಗೂ ಬೂಷ್ಟು ಹಿಡಿದಿತ್ತು. ಮೂರು ವಾರ ಸಾಕಿದ ಕೋಶಗಳು. ಅವು ಉಣ್ಣುವ ಗುಲಾಬಿ ಬಣ್ಣದ ಸಾರು ಹಳದಿಗೆ ತಿರುಗಿ, ಮೇಲೆ ಬಿಳಿ ಕೂದಲು ಬೆಳೆದು, ಒಡೆದ ಹಾಲಿನಲ್ಲಿ ಕಾಲುಚೀಲ ನೆನೆಹಾಕಿದ ಹಾಗೆ ನಾರುತ್ತಿತ್ತು. ನನಗೆ ವಾಕರಿಕೆ ಬಂತು. ಹದಿನಾಲ್ಕು ವರ್ಷದಿಂದ ಇದೇ ಕೆಲಸ, ಇನ್ನೂ ಮೂಗು ಪಳಗಿಲ್ಲ.

ಹೇಸಿಗೆ ಎಂದು ಮೂಗು ಮುರಿಯಬೇಡ. "ಪೈಪು ಕೂರಿಸಲು ಗೋಡೆ ಕೊರೆದು ಕೊರೆದು ಕಿವಿ ಮಂದವಾಗಿದೆ, ಫೋನಿನಲ್ಲಿ ನೀನು ಮಾತಾಡಿದರೆ ಕಪ್ಪೆ ವಟಗುಟ್ಟಿದ ಹಾಗೆ ಕೇಳಿಸುತ್ತದೆ, ಏನಿದ್ದರೂ ಬರೆ" ಎಂದವನು ನೀನೇ. ಅಲ್ಲದೆ ಹೋದ ಕಾಗದದಲ್ಲಿ ನೀನೇ ಕೇಳಿದ್ದೆ: ನಮ್ಮ ಅಂಚಮ್ಮ ಅಷ್ಟು ವರ್ಷದಿಂದ ಆ ಕೋಣೆಯಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಹೇಳು, ಕರುಳು ಬೆಳೆಸುತ್ತಾಳೆ ಎಂದು.

ನಿಜವಾಗಿ ಹಾಗೇ. ಎಂದೋ ಸತ್ತುಹೋದ ಯಾರದೋ ಕರುಳಿನ ಗಡ್ಡೆಯಿಂದ ತೆಗೆದ ಕೋಶಗಳು, ಆ ಮನುಷ್ಯ ಮಣ್ಣಾದರೂ ಇವು ಸಾಯದೆ ಬೆಳೆಯುತ್ತಲೇ ಇವೆ. ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಹನ್ನೆರಡು ಗುಂಡಿ. ಪ್ರತಿ ಗುಂಡಿಯೊಳಗೆ ತೂತುತೂತಿನ ತಳ ಇರುವ ಒಂದು ಪುಟ್ಟ ಲೋಟ. ಆ ತಳದ ಮೇಲೆ ಕೋಶಗಳನ್ನು ಬಿತ್ತಿದರೆ ಮೂರು ವಾರಕ್ಕೆ ಒಂದಕ್ಕೊಂದು ಅಂಟಿಕೊಂಡು ಒಂದು ಪದರ ಆಗುತ್ತದೆ. ನಮ್ಮ ಕರುಳಿನ ಒಳಗೋಡೆ ಅಂದರೆ ಅಷ್ಟೇ, ಒಂದೇ ಒಂದು ಕೋಶದ ದಪ್ಪ. ಈಚೆ ನಾವು, ಆಚೆ ಹೇಲು. ಕೋಶ ಕೋಶಗಳ ನಡುವಿನ ಬೆಸುಗೆ ಬಿಟ್ಟರೆ ಆಚೆಯದು ಈಚೆಗೆ ಸೋರುತ್ತದೆ, ಹುಣ್ಣಾಗುತ್ತದೆ. ನಿನಗಾಗಿರುವುದೂ ಹೆಚ್ಚುಕಡಿಮೆ ಅದೇ.

ಸೋರುತ್ತಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಎರಡು ಹಲ್ಲಿನ ಒಂದು ಸಣ್ಣ ಕಡ್ಡಿ ಇದೆ. ಒಂದು ಹಲ್ಲು ಪದರದ ಒಳಗೆ, ಒಂದು ಹೊರಗೆ ಇಟ್ಟು ಚೂರು ಕರೆಂಟು ಬಿಡುತ್ತೇನೆ. ಕರೆಂಟಿಗೆ ಅಡ್ಡಿ ಜಾಸ್ತಿ ಆದರೆ ಗೋಡೆ ಗಟ್ಟಿ, ಕಡಿಮೆಯಾದರೆ ಸೋರಿಕೆ. ಬಾಗಿಲು ಮುಚ್ಚಿದೆಯೇ ಎಂದು ತಟ್ಟಿ ನೋಡಿದ ಹಾಗೆ.

ಈಗ ಖುಷಿಯ ಸುದ್ದಿ. ಪೆಪ್ಟೈಡ್ ಅಂತ ಇರುತ್ತದೆ. ಪ್ರೋಟೀನು ಉದ್ದನೆಯ ಸರವಾದರೆ ಇದು ಅದರಿಂದ ಕಿತ್ತ ಏಳೆಂಟು ಮಣಿ. ಹಾಲಿನ ಪ್ರೋಟೀನಿನಿಂದ ನಮ್ಮ ದೊಡ್ಡ ಸಾಹೇಬರು ಹದಿನಾರು ತುಂಡು ಮಾಡಿಸಿದ್ದಾರೆ. ಅವರನ್ನು ನಾನು ಇಸ್ತ್ರಿ ಎನ್ನುತ್ತೇನೆ, ಅವರ ಕೋಟಿನ ಮೇಲೆ ಇವತ್ತಿನವರೆಗೆ ಒಂದು ಕಲೆ ನೋಡಿಲ್ಲ. ಹದಿನಾರರಲ್ಲಿ ಹದಿನೈದು ದಂಡ. ಹನ್ನೊಂದನೆಯದು ಮಾತ್ರ, ಅಣ್ಣಾ, ಸಾರಿಗೆ ಹಾಕಿದ ಎರಡೇ ದಿನಕ್ಕೆ ಗೋಡೆಯನ್ನು ಕಾಲುಭಾಗ ಜಾಸ್ತಿ ಗಟ್ಟಿ ಮಾಡುತ್ತದೆ! ಒಂಬತ್ತು ತಟ್ಟೆ ನೋಡಿದೆ, ಒಂಬತ್ತರಲ್ಲೂ ಹಾಗೇ. ಹನ್ನೊಂದು ಹಾಕಿದ ಗುಂಡಿಗಳ ಸಾಲನ್ನು ಅಳೆಯುವ ಹೊತ್ತಿಗೆ ನನಗೆ ಕುತೂಹಲಕ್ಕೆ ಬಾಯಲ್ಲಿ ನೀರು ಬಂದಿರುತ್ತದೆ, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನೀನು ನಗುತ್ತೀಯ, ಗೊತ್ತು.

ಹೊಟ್ಟೆ ಹೇಗಿದೆ? ನಿಜ ಬರೆ. ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ


ಫೆಬ್ರವರಿ 17

ಅಂಚಮ್ಮಾ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಓದಿದೆ. ನಿನ್ನ ಅತ್ತಿಗೆ ಎದ್ದು ಹೋದಳು. ನಾನು ಊಟ ಮುಗಿಸಿಯೇ ಎದ್ದೆ. ಅವತ್ತು ಬೆಳಿಗ್ಗೆ ನಾನು ನೋಡಿದ್ದರ ಮುಂದೆ ನಿನ್ನ ಬೂಷ್ಟು ಏನೂ ಅಲ್ಲ.

ಒಂದು ಹಾಸ್ಟೆಲ್ಲಿನ ಸ್ನಾನದ ಮನೆಗಳ ಚರಂಡಿ ಕಟ್ಟಿತ್ತು. ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಹಾಕಿದರೆ ಕೂದಲು, ಸೋಪಿನ ಜಿಡ್ಡು, ಯಾರದೋ ಹಲ್ಲಿನ ಸೆಟ್ಟು. ಒಂದು ಬಕೀಟು ತುಂಬ ಕರಿ ಲೋಳೆ. ಕೈ ಕೆಸರಾದರೆ ಬಾಯಿ ಮೊಸರು ಅಂದವನು ನಲ್ಲಿ ಕೆಲಸ ಮಾಡಿದವನಲ್ಲ. ನನಗೆ ಕೈಯೂ ಕೆಸರು, ಬಾಯಿಗೂ ಎರಡು ಹನಿ ಹಾರಿತು. ವಾರ್ಡನ್ನಮ್ಮ ದೂರ ನಿಂತು, ಮೂಗಿಗೆ ಕರ್ಚೀಫು ಹಿಡಿದುಕೊಂಡು, "ಹೇಗಪ್ಪಾ ಮಾಡ್ತೀರ ಇದನ್ನೆಲ್ಲ" ಅಂದಳು. "ನಿಮ್ಮ ಹುಡುಗೀರು ಮಾಡಿದ್ದನ್ನೇ ತೆಗೀತಿದೀನಮ್ಮ, ನಾನೇನೂ ಹೊಸದಾಗಿ ಮಾಡ್ತಿಲ್ಲ" ಅಂದೆ.

ಮಧ್ಯಾಹ್ನ ಇನ್ನೊಂದು ಮನೆ. ಸ್ನಾನದ ಮನೆಯ ಗೋಡೆ ಒದ್ದೆ, ಬಣ್ಣ ಸಿಪ್ಪೆ ಸುಲಿದು ಒಳಗೆ ಹುಳ ಹರಿದಾಡುತ್ತಿವೆ. ನನಗಿಂತ ಮುಂಚೆ ಬಂದಿದ್ದ ಮಹಾನುಭಾವ ಎಲ್ಲ ಸರಿ ಇದೆ ಎಂದು ಹೇಳಿ ಹೋಗಿದ್ದನಂತೆ. ಅವನು ಮಾಡಿದ್ದು ಏನು ಗೊತ್ತಾ? ತಣ್ಣೀರು ಬಿಟ್ಟು ನೋಡಿದ್ದಾನೆ. ನಾನು ಗೀಸರ್ ಹಾಕಿ ಬಿಸಿನೀರು ಹರಿಸಿದೆ. ಐದು ನಿಮಿಷಕ್ಕೆ ಗೋಡೆಯೊಳಗಿನ ಜೋಡಿನಿಂದ ಜಿನುಗತೊಡಗಿತು. ತಣ್ಣಗಿದ್ದಾಗ ಎಲ್ಲ ಗೋಡೆಯೂ ಸಾಧುವೇ, ಅಂಚಮ್ಮ. ಯಾವ ಬಿಸಿಯಲ್ಲಿ ಬಳಸುತ್ತಾರೋ ಆ ಬಿಸಿಯಲ್ಲಿ ನೋಡಬೇಕು. ನಿನಗೂ ಈ ಕಸುಬಿನ ಗುಟ್ಟು ಇರಲಿ ಎಂದು ಪುಕ್ಕಟೆ ಹೇಳಿದ್ದೇನೆ.

ಹನ್ನೊಂದನ್ನು ಕೊನೆಗೆ ಇಟ್ಟುಕೊಳ್ಳುತ್ತೀಯಾ? ನೀನು ಬದಲಾಗುವವಳಲ್ಲ. ಚಿಕ್ಕಂದಿನಲ್ಲಿ ಹುರಿದ ಆಲೂಗಡ್ಡೆಯನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಕೊನೆಗೆ ತಿನ್ನುತ್ತೇನೆ ಎಂದು ಕಾಯುತ್ತಿದ್ದೆಯಲ್ಲ. ಅಷ್ಟರಲ್ಲಿ ನಾನು ಅದನ್ನು ಎತ್ತಿಕೊಂಡು ಬಾಯಿಗೆ ಹಾಕಿ ಆಗಿರುತ್ತಿತ್ತು. ಅಂಚಮ್ಮ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ.

ಹೊಟ್ಟೆ ಪರವಾಗಿಲ್ಲ. ಡಾಕ್ಟರ ಮಾತ್ರೆ ನಡೆಯುತ್ತಿದೆ. ದಿನಕ್ಕೆ ಎಂಟು ಮಾತ್ರೆ ನುಂಗಿ ನುಂಗಿ ಬೆವರೂ ಔಷಧಿ ಅಂಗಡಿಯ ವಾಸನೆ ಹೊಡೆಯುತ್ತದೆ. ಇನ್ನೊಬ್ಬರ ಪಾಯಿಖಾನೆ ಕಟ್ಟಿಕೊಂಡದ್ದನ್ನು ಬಿಡಿಸುವವನಿಗೆ ತನ್ನದು ನಿಲ್ಲುವುದೇ ಇಲ್ಲ ಎಂದರೆ ದೇವರಿಗೂ ತಮಾಷೆ ಬೇಕು ಅಂತ ಕಾಣುತ್ತದೆ. ನಿನ್ನ ಹನ್ನೊಂದು ನಿಜವಾಗಿ ಗೋಡೆ ಗಟ್ಟಿ ಮಾಡುತ್ತದಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಬೇಡ. ಹೌದು ಅನ್ನು, ಇಲ್ಲ ಅನ್ನು.

ಅಣ್ಣ


ಮಾರ್ಚ್ 2 (ಕಳುಹಿಸಲಿಲ್ಲ)

ಅಣ್ಣಾ,

ನಿನ್ನ ಬಿಸಿನೀರಿನ ಮಾತು ಓದಿ ನಕ್ಕೆ. ಮರುದಿನ ತಟ್ಟೆ ಅಳೆಯುತ್ತಿದ್ದಾಗ ಅದು ಜ್ಞಾಪಕಕ್ಕೆ ಬಂತು. ನಗು ಅಲ್ಲಿಗೇ ನಿಂತಿತು.

ತಟ್ಟೆಯಲ್ಲಿ ಮೂರು ಸಾಲು. ಮೊದಲ ಸಾಲಿಗೆ ಬರೀ ಸಾರು, ಎರಡನೆಯದಕ್ಕೆ ಯಾವುದಾದರೂ ದಂಡಪಿಂಡ, ಅಂಚಿನ ಸಾಲಿಗೆ ಹನ್ನೊಂದು. ಮೈಯ ಬಿಸಿಯಲ್ಲಿ ಇಟ್ಟಿರುವ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟು ಒಂದೊಂದೇ ಲೋಟ ಅಳೆಯುತ್ತೇನೆ. ಪ್ರತಿ ಲೋಟಕ್ಕೂ ಕಡ್ಡಿ ತೊಳೆಯಬೇಕು, ಅಂಕಿ ನಿಲ್ಲುವವರೆಗೆ ಕಾಯಬೇಕು, ಬರೆದುಕೊಳ್ಳಬೇಕು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅವತ್ತು ತಟ್ಟೆಯ ಅಡಿಗೆ ಬೆರಳು ಇಟ್ಟು ನೋಡಿದೆ. ತಣ್ಣಗೆ.

ಸಾರು ತಣ್ಣಗಾದರೆ ಕರೆಂಟಿಗೆ ಅಡ್ಡಿ ತಾನಾಗಿ ಜಾಸ್ತಿಯಾಗುತ್ತದೆ. ಇದು ಈ ಕಸುಬಿನ ಅ ಆ ಇ ಈ. ಹೊಸಬರಿಗೆ ನಾನೇ ಪಾಠ ಹೇಳಿದ್ದೇನೆ. ತಟ್ಟೆಯನ್ನು ಮತ್ತೆ ಬೆಚ್ಚಗೆ ಮಾಡಿ, ಈ ಸಲ ಹಿಂದುಮುಂದಾಗಿ ಅಳೆದೆ. ಹನ್ನೊಂದು ಮೊದಲು, ಬರೀ ಸಾರು ಕೊನೆಗೆ. ಬರೀ ಸಾರೇ ಗೆದ್ದಿತು, ಅಣ್ಣಾ. ಏನೂ ಹಾಕದ ಸಾರು ಮಹಾ ಔಷಧಿಯಾಗಿ ಕೂತಿತ್ತು.

ಒಂಬತ್ತು ತಟ್ಟೆಯಲ್ಲೂ ನಾನು ಅಳೆದದ್ದು ಹನ್ನೊಂದನ್ನಲ್ಲ, ನನ್ನ ಚಪಲವನ್ನು. ಇಷ್ಟವಾದದ್ದನ್ನು ಅಂಚಿಗೆ ಸರಿಸಿ ಕಾಯುವ ಬುದ್ಧಿಯನ್ನು. ಬೇರೆ ಯಾರೇ ಆ ಕಡ್ಡಿ ಹಿಡಿದಿದ್ದರೂ ಸಾಲು ಬದಲಾಯಿಸಿ ನೋಡುತ್ತಿದ್ದರು.

ಬರುವ ಶುಕ್ರವಾರ, ಹನ್ನೊಂದನ್ನು ಹಾಕಿ ಪುಡಿ ಮಾಡಿ, ಡಬ್ಬ ತುಂಬಿಸಿಕೊಂಡು ಕಾಯುತ್ತಿರುವ ಕಂಪನಿಯವರು ಬರುತ್ತಾರೆ. ಇಸ್ತ್ರಿ ಆಗಲೇ ಚಿತ್ರ ಮಾಡಿಸಿದ್ದಾರೆ, ಮೂರು ಸಾಲಿಗೆ ಮೂರು ಕಂಬ, ಅಂಚಿನದು ಎಲ್ಲಕ್ಕಿಂತ ಎತ್ತರ. ಮೊನ್ನೆ ನನ್ನ ಮೇಜಿನ ಹತ್ತಿರ ಬಂದು, "ಹದಿನಾಲ್ಕು ವರ್ಷದಿಂದ ಹಂಗಾಮಿಯಾಗೇ ಇದೀರಲ್ಲ, ಇದೊಂದು ಆಗ್ಲಿ, ಖಾಯಂ ಮಾಡಿಸ್ತೀನಿ" ಎಂದರು. ನಾನು "ಥ್ಯಾಂಕ್ಸ್ ಸರ್" ಎಂದೆ. ಬೆರಳಿನಲ್ಲಿ ತಟ್ಟೆಯ ತಣ್ಣಗೆ ಇನ್ನೂ ಹಾಗೇ ಇತ್ತು, ಆದರೂ ಥ್ಯಾಂಕ್ಸ್ ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನೀನು ಹೌದು ಅನ್ನು, ಇಲ್ಲ ಅನ್ನು ಎಂದಿದ್ದೀಯ. ಇಲ್ಲ. ಗೊತ್ತಿಲ್ಲ. ನಾಳೆ ಅವರಿಗೆ ಹೇಳುತ್ತೇನೆ, ಆಮೇಲೆ ಈ ಕಾಗದ ಹಾಕುತ್ತೇನೆ.


ಮಾರ್ಚ್ 5

ಅಣ್ಣಾ,

ಉತ್ತರ ತಡವಾಯಿತು, ಬೈಯಬೇಡ. ಇಲ್ಲಿ ಕೆಲಸ ಚೆನ್ನಾಗಿ ನಡೆದಿದೆ. ಹನ್ನೊಂದು ಗಟ್ಟಿಯಾಗಿಯೇ ನಿಂತಿದೆ. ನಾಳೆ ಹೊರಗಿನವರು ನೋಡಲು ಬರುತ್ತಾರೆ, ಮೇಜುಗಳನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿ ಒರೆಸಿ ತಲೆ ಸಿಡಿಯುತ್ತಿದೆ. ನನ್ನ ಕೆಲಸ ಖಾಯಂ ಆಗಬಹುದು. ಅತ್ತಿಗೆಗೆ ಹೇಳು.

ಆರೋಗ್ಯ ನೋಡಿಕೊ.

ತಂಗಿ


ಏಪ್ರಿಲ್ 9

ನಮ್ಮ ಮನೆಯ ವಿಜ್ಞಾನಿ ಅಂಚಮ್ಮನವರಿಗೆ,

ಈ ಕಾಗದದ ಜೊತೆ ಒಂದು ಡಬ್ಬದ ಚೀಟಿ ಕಿತ್ತು ಇಟ್ಟಿದ್ದೇನೆ. ಮೊದಲು ಅದನ್ನು ನೋಡು, ಆಮೇಲೆ ಓದು.

ನೋಡಿದೆಯಾ? ಮೂರು ಕಂಬ, ಅಂಚಿನದು ಎತ್ತರ! ಕೆಳಗೆ ಬರೆದಿದೆ: ಪೆಪ್ಟೈಡ್ ಹನ್ನೊಂದು, ಕರುಳಿನ ಗೋಡೆಗೆ ಬಲ. ಔಷಧಿ ಅಂಗಡಿಯವನು ಈ ಪುಡಿಯ ಡಬ್ಬಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿದ್ದ. ನಾನು ಅಲ್ಲೇ ನಿಂತು ಎಲ್ಲರಿಗೂ ಕೇಳಿಸುವ ಹಾಗೆ, "ಇದು ನನ್ನ ತಂಗಿ ಕೈಯಾರೆ ಅಳೆದದ್ದು ಕಣ್ರೀ" ಅಂದೆ. ಅಂಗಡಿಯವನು ನಂಬಲಿಲ್ಲ. ನಿನ್ನ ಕಾಗದ ಜೇಬಿನಲ್ಲೇ ಇತ್ತು, "ಹನ್ನೊಂದು ಗಟ್ಟಿಯಾಗಿಯೇ ನಿಂತಿದೆ" ಅನ್ನುವ ಸಾಲು ತೋರಿಸಿದೆ. ಆಗ ಬಾಯಿ ಮುಚ್ಚಿದ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಹಿತ್ತಲ ಗಿಡವೇ ಮದ್ದಾಗಿ ಅಂಗಡಿಯಲ್ಲಿ ಕೂತಿದೆ, ನೋಡು.

ಮಾರ್ಚ್ 20ರಿಂದ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಮೂರು ಚಮಚ, ನೀರಿನಲ್ಲಿ ಕಲಸಿ. ಥೂ, ಏನು ರುಚಿ ಅದು! ನೆನೆದ ರಟ್ಟು ಅಗಿದ ಹಾಗೆ, ಗಂಟಲಿನಲ್ಲಿ ಅಂಟಾಗಿ ಕೂತು ಸಂಜೆವರೆಗೂ ತೇಗಿನಲ್ಲಿ ಬರುತ್ತದೆ. ಆದರೂ ಮೂಗು ಹಿಡಿದುಕೊಂಡು ಕುಡಿಯುತ್ತೇನೆ. ಎಂಟು ಮಾತ್ರೆಗಿಂತ ವಾಸಿ. ಮಾತ್ರೆ ಬಿಟ್ಟೆ. ಗೋಡೆಯೇ ಗಟ್ಟಿಯಾದ ಮೇಲೆ ತೇಪೆ ಯಾಕೆ? ಅತ್ತಿಗೆ ಡಾಕ್ಟರನ್ನು ಕೇಳು ಅಂದಳು. "ಡಾಕ್ಟ್ರು ಪುಸ್ತಕ ಓದಿರೋದು ಕಣೆ, ನನ್ನ ತಂಗಿ ಕೈಯಲ್ಲಿ ಮುಟ್ಟಿ ನೋಡಿರೋದು" ಅಂದೆ.

ಹೊಟ್ಟೆ ಒಂದು ಸ್ವಲ್ಪ ಗಲಾಟೆ ಮಾಡುತ್ತಿದೆ. ಹಳೆ ಪೈಪಿಗೆ ಹೊಸ ಜೋಡು ಹಾಕಿದಾಗ ಮೊದಲು ಕೊಳೆ ಬಂದೇ ಬರುತ್ತದೆ, ಇದೂ ಹಾಗೇ ಇರಬೇಕು. ಇನ್ನೆರಡು ವಾರದಲ್ಲಿ ಸರಿಹೋಗುತ್ತದೆ.

ನೀನು ಹೇಳದಿದ್ದರೂ ನಿನ್ನ ಕೆಲಸ ಎಷ್ಟು ದೊಡ್ಡದು ಎಂದು ಡಬ್ಬ ಹೇಳಿತು.

ನಿನ್ನ ಅಣ್ಣ


ಏಪ್ರಿಲ್ 15

ಅಣ್ಣಾ,

ಪುಡಿ ನಿಲ್ಲಿಸು. ಈ ಸಾಲು ಓದಿದ ಕೂಡಲೆ ನಿಲ್ಲಿಸು. ಉಳಿದದ್ದನ್ನು ಸಿಂಕಿಗೆ ಸುರಿ. ಡಾಕ್ಟರ ಹತ್ತಿರ ಇವತ್ತೇ ಹೋಗು, ಮಾತ್ರೆ ಬಿಟ್ಟು ಎಷ್ಟು ದಿನವಾಯಿತು ಎಂದು ನಿಜ ಹೇಳು.

ಕಾಗದ ಕೈಗೆ ಬಂದ ತಕ್ಷಣ ಅತ್ತಿಗೆಗೆ ಫೋನ್ ಮಾಡಿದೆ. "ಬಾತ್ರೂಮಲ್ಲಿದಾರೆ" ಎಂದರು. ಒಂದು ಗಂಟೆ ಬಿಟ್ಟು ಮತ್ತೆ ಮಾಡಿದೆ. "ಈಗ್ಲೂ ಅಲ್ಲೇ ಇದಾರೆ" ಎಂದವರು, "ರಕ್ತ ಹೋಗ್ತಿದೆ ಕಣೆ, ನಿಂಗೆ ಹೇಳ್ಬೇಡ ಅಂದಿದಾರೆ" ಎಂದು ಅತ್ತುಬಿಟ್ಟರು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡೆ. ಅವರ ಮಾತನ್ನು ನೀನು ಕೇಳಿದ್ದೀಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಇದನ್ನೂ ಹಾಕುತ್ತಿದ್ದೇನೆ.

ಜೊತೆಗೆ ಇನ್ನೊಂದು ಕಾಗದ ಇದೆ. ತಾರೀಖು ನೋಡು. ಅವತ್ತು ಬರೆದು ಬಟ್ಟೆಗಳ ಕೆಳಗೆ ಇಟ್ಟಿದ್ದೆ. ನಾಳೆ ಹೇಳುತ್ತೇನೆ ಎಂದು ಬರೆದವಳು ಹೇಳಲಿಲ್ಲ. ಶುಕ್ರವಾರ ಕಂಪನಿಯವರು ಬಂದಾಗ ಅವರ ಮುಂದೆಯೇ ಹನ್ನೊಂದನ್ನು ಕೊನೆಗೆ ಅಳೆದು ತೋರಿಸಿದೆ. ಗೊತ್ತಿದ್ದೂ ಕೊನೆಗೇ ಅಳೆದೆ. ಅವರು ಚಪ್ಪಾಳೆ ತಟ್ಟಿದರು. ಅದಕ್ಕಿಂತ ಒಂದು ದಿನ ಮುಂಚೆ ನಿನಗೆ ಬರೆದ ನಾಲ್ಕು ಸಾಲನ್ನು ನೀನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೀಯ.

ಮತ್ತೆ, ತಟ್ಟೆಯಲ್ಲಿ ಹನ್ನೊಂದು ನಿಜವಾಗಿ ಕೆಲಸ ಮಾಡಿದ್ದರೂ ಕುಡಿದರೆ ಅದು ಕರುಳಿನವರೆಗೆ ಇಡಿಯಾಗಿ ಬರುತ್ತದೆ ಎಂದು ಯಾರೂ ನೋಡಿಲ್ಲ. ಪ್ರೋಟೀನನ್ನು ಚೂರುಚೂರು ಮಾಡುವುದೇ ಹೊಟ್ಟೆಯ ಕಸುಬು. ಅದನ್ನೂ ನಾನು ನಿನಗೆ ಬರೆಯಲಿಲ್ಲ. ಖುಷಿಯಲ್ಲಿ ಮರೆತೆ.

ನಾನು ಹದಿನಾಲ್ಕು ವರ್ಷ ಬೂಷ್ಟು ಕಂಡರೆ ಮೂಗು ಮುಚ್ಚಿಕೊಂಡವಳು. ಅದು ಪಾಪ, ತಾನು ಕೊಳೆತದ್ದನ್ನು ಮುಚ್ಚಿಡುವುದಿಲ್ಲ, ನಾರಿ ಹೇಳುತ್ತದೆ.

ಉತ್ತರ ಬರೆ. ಒಂದೇ ಸಾಲಾದರೂ ಬರೆ.


ಜೂನ್ 11

ತಂಗಿಗೆ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಹೊಂದಿಸಿಕೊ.

ನಿನ್ನ ಕಾಗದ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಅತ್ತಿಗೆ ಎರಡನ್ನೂ ಓದಿ, ನನಗೆ ಕೊಡದೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಮನೆಗೆ ಬಂದು ಹದಿನೈದು ದಿನವಾದ ಮೇಲೆ ಕೊಟ್ಟಳು.

ದೊಡ್ಡ ಕರುಳು ಪೂರಾ ತೆಗೆದರು. ಹುಣ್ಣಾಗಿ ಊದಿ ಹರಿಯುವ ಹಾಗಿತ್ತಂತೆ. ಹೊಟ್ಟೆಯ ಬಲಗಡೆ ತೂತು ಮಾಡಿ ಸಣ್ಣ ಕರುಳಿನ ತುದಿಯನ್ನು ಹೊರಗೆ ತಂದು ಹೊಲಿದಿದ್ದಾರೆ. ಕೆಂಪಗೆ, ಒದ್ದೆಯಾಗಿ, ತನ್ನಷ್ಟಕ್ಕೆ ಮಿಸುಕುತ್ತಿರುತ್ತದೆ. ಅದಕ್ಕೊಂದು ಚೀಲ. ನಿನಗೆ ಎಲ್ಲವೂ ನಿಜ ಬೇಕಲ್ಲ, ಕೇಳು. ಚೀಲ ಬೆಚ್ಚಗಿರುತ್ತದೆ. ತುಂಬುವುದು ಗೊತ್ತಾಗುತ್ತದೆ. ಮೊದಲ ವಾರ ಅಂಟು ಬಿಟ್ಟು ಹಾಸಿಗೆಯೆಲ್ಲ ಆಯಿತು, ಅತ್ತಿಗೆ ಒರೆಸುವಾಗ ನಾನು ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದ್ದೆ. ಮೂವತ್ತು ವರ್ಷ ಊರವರ ಹೊಲಸು ಬಾಚಿದಾಗ ಬಾರದ ವಾಂತಿ ನನ್ನದೇ ವಾಸನೆಗೆ ಬಂತು. ಅತ್ತಿಗೆ ಸಿಟ್ಟು ಬಂದಾಗ ನನ್ನನ್ನು ಕರುಳಿಲ್ಲದವನು ಎಂದು ಬೈಯುತ್ತಿದ್ದಳು. ಈಗ ಬೈಯುವ ಹಾಗೂ ಇಲ್ಲ.

ನನ್ನ ತಪ್ಪು ನಾನು ಹೇಳುತ್ತೇನೆ. ರಕ್ತ ಜನವರಿಯಿಂದಲೇ ಇತ್ತು. ಪರವಾಗಿಲ್ಲ ಎಂದು ನಿನಗೆ ಬರೆದಾಗಲೂ ಇತ್ತು. ಡಾಕ್ಟರಿಗೆ ಹೇಳಿದರೆ ಕತ್ತರಿ ಹಿಡಿಯುತ್ತಾರೆ ಎಂದು ಹೆದರಿದ್ದೆ. ಸೋರುವ ಜೋಡಿಗೆ ಬಟ್ಟೆ ಸುತ್ತಿ ಬಣ್ಣ ಹೊಡೆಯುವವರನ್ನು ಆಯುಷ್ಯವಿಡೀ ಬೈದವನು ನಾನು. ನನ್ನದಕ್ಕೆ ನಾನೇ ಬಟ್ಟೆ ಸುತ್ತಿದೆ.

ಆದರೆ ಲೆಕ್ಕ ಹಾಕದೆ ಇರಲು ಆಗುತ್ತಿಲ್ಲ. ನೀನು ಮಾರ್ಚ್ 2ಕ್ಕೆ ಬರೆದೆ. ನಾನು 20ಕ್ಕೆ ಮಾತ್ರೆ ಬಿಟ್ಟೆ. ಅಂಚೆಗೆ ಆರು ದಿನ ಸಾಕಾಗಿತ್ತು. ನಾನು ಸುಳ್ಳು ಹೇಳಿದ್ದು ನನ್ನ ಹೊಟ್ಟೆಗೆ. ನೀನು ಹೇಳಿದ್ದೂ ನನ್ನ ಹೊಟ್ಟೆಗೇ.

ಸಿಟ್ಟಿಲ್ಲ. ಸಿಟ್ಟಾಗಿದ್ದರೆ ಬೈದು ಮುಗಿಸುತ್ತಿದ್ದೆ. ಹೇಸಿಗೆ ಅನ್ನಿಸುತ್ತದೆ, ಅದಕ್ಕೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಆ ಹಳೆ ಹೆಸರಿನಿಂದ ಕರೆಯಲು ಬಾಯಿ ಬರಲಿಲ್ಲ, ನೀನು ಗಮನಿಸಿರುತ್ತೀಯ. ಸ್ವಲ್ಪ ದಿನ ಬರೆಯಬೇಡ, ನೋಡಲು ಬರುವುದೂ ಬೇಡ.


ಜೂನ್ 29

ಅಣ್ಣಾ,

ಬರೆಯಬೇಡ ಎಂದಿದ್ದೀಯ. ಇದೊಂದು ಬರೆದು ಸುಮ್ಮನಾಗುತ್ತೇನೆ. ಓದದೆ ಹರಿದುಹಾಕಿದರೂ ಸರಿ. ಇನ್ನೊಂದು ಕಾಗದವನ್ನು ಬಟ್ಟೆಗಳ ಕೆಳಗೆ ಇಡಲು ನನ್ನಿಂದಾಗದು.

ಏಪ್ರಿಲ್ 16ಕ್ಕೆ ಇಸ್ತ್ರಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೋಟಿನ ತೋಳು ಸರಿಮಾಡಿಕೊಳ್ಳುತ್ತಾ, "ಒಂದು ತಟ್ಟೆ ತಣ್ಣಗಾಗಿದ್ರೆ ಏನಾಯ್ತೀಗ? ಒಂಬತ್ತು ತಟ್ಟೆ ಇದೆಯಲ್ಲ" ಎಂದರು. "ಒಂಬತ್ತೂ ತಣ್ಣಗಾಗಿದ್ವು ಸರ್" ಎಂದೆ. ಹಾಗಾದರೆ ನೀವೇ ಮತ್ತೆ ಮಾಡಿ, ನಾನೇ ಸರಿ ಅಂತ ಗೊತ್ತಾಗುತ್ತೆ ಎಂದರು. ಅಷ್ಟು ಮಾತ್ರ ಅವರಿಂದ ಉಪಕಾರವಾಯಿತು.

ಐದು ವಾರ ಮಾಡಿದೆ. ತಟ್ಟೆಯನ್ನು ಬಿಸಿ ಹಲಗೆಯ ಮೇಲೆ ಇಟ್ಟು, ಎಲ್ಲ ಗುಂಡಿಯೂ ಮೈಯ ಬಿಸಿಗೆ ಬಂದ ಮೇಲೆ ಅಳೆದೆ. ಒಂದು ದಿನ ಹನ್ನೊಂದು ಮೊದಲು, ಒಂದು ದಿನ ನಡುವೆ, ಒಂದು ದಿನ ಕೊನೆಗೆ. ಕಡ್ಡಿಯನ್ನೂ ನಂಬದೆ ಹಸಿರು ಬಣ್ಣ ಸುರಿದು ಎಷ್ಟು ಕೆಳಗೆ ಇಳಿಯುತ್ತದೆ ಎಂದೂ ನೋಡಿದೆ. ಚೆನ್ನಾಗಿರುವ ಗೋಡೆಗೆ ಹನ್ನೊಂದು ಏನೂ ಮಾಡುವುದಿಲ್ಲ. ಮೊದಲೇ ಗಾಯ ಮಾಡಿದ ಗೋಡೆಗೆ ಹಾಕಿದರೆ ಬೆಸುಗೆಗಳು ಸ್ವಲ್ಪ ಬೇಗ ಕೂಡುತ್ತವೆ. ನೂರಕ್ಕೆ ಏಳೆಂಟು ಪಾಲು. ಅದೂ ತಟ್ಟೆಯಲ್ಲಿ. ಇದು ನಿಜ ಅಣ್ಣಾ, ಆದರೆ ಇಷ್ಟೇ ನಿಜ. ನೀನು ಹೌದು ಅನ್ನು, ಇಲ್ಲ ಅನ್ನು ಎಂದು ಕೇಳಿದ್ದಕ್ಕೆ ಉತ್ತರ ಇದು. ತಡವಾಯಿತು.

ಎರಡೂ ಸಲದ ಅಂಕಿಗಳನ್ನು ಪುಡಿ ಕಂಪನಿಗೆ ನಾನೇ ಕಳುಹಿಸಿದೆ. ಅವರು ಏನು ಮಾಡಿದರು ಗೊತ್ತಾ? ಕಂಬಗಳ ಮೇಲೆ ನಗುವ ಹಸುವಿನ ಚೀಟಿ ಅಂಟಿಸಿದರು. ಡಬ್ಬ ಅದೇ, ಪುಡಿ ಅದೇ. ಮೊನ್ನೆ ಅಂಗಡಿಯಲ್ಲಿ ಒಂದು ಡಬ್ಬ ಎತ್ತಿ ಉಗುರಿನಿಂದ ಚೀಟಿಯ ಮೂಲೆ ಕೆರೆದೆ. ಅಂಚಿನ ಕಂಬದ ತುದಿ ಕಂಡಿತು. ಅಲ್ಲೇ ನಿಂತು, ಔಷಧಿಗಳನ್ನು ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಗೂ ಅದೇ ಅಂಕಿ ಕಳುಹಿಸಬೇಕು ಎಂದುಕೊಂಡೆ. ಕಳುಹಿಸಿದ್ದೇನೆ. ಈ ಸಲ ಅವತ್ತೇ.

ನನ್ನನ್ನು ಬಾಟಲಿ ತೊಳೆಯುವ ಕೋಣೆಗೆ ಹಾಕಿದ್ದಾರೆ. ಬೂಷ್ಟು ಹಿಡಿದ ತಟ್ಟೆಗಳೆಲ್ಲ ಈಗ ನನ್ನ ಹತ್ತಿರವೇ ಬರುತ್ತವೆ. ಕೈಗವಸು ಸೋರುತ್ತದೆ. ವಾಸನೆ ಕೂದಲಿಗೂ ಹಿಡಿದಿದೆ, ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗುತ್ತಾರೆ. ಇದನ್ನು ಅಯ್ಯೋ ಅನ್ನಿಸಿಕೊಳ್ಳಲು ಬರೆಯುತ್ತಿಲ್ಲ. ನೀನು ನಿನ್ನ ಚೀಲದ ಬಗ್ಗೆ ಬಚ್ಚಿಡದೆ ಬರೆದೆ, ನಾನೂ ಬರೆದೆ.

ಹೇಸಿಗೆಗೆ ಏನು ಮಾಡಬೇಕೋ ನನಗೂ ಗೊತ್ತಿಲ್ಲ. ತೊಳೆಯುತ್ತಿದ್ದೇನೆ.

ತಂಗಿ


ಜುಲೈ 21

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಹರಿಯಲಿಲ್ಲ. ಕಪಾಟಿನ ಮೇಲೆ ಇಟ್ಟೆ, ಕೆಳಗಿಟ್ಟೆ, ಮತ್ತೆ ಮೇಲಿಟ್ಟೆ. ಅತ್ತಿಗೆ, "ಬರೀರಿ ಇಲ್ಲ ಸುಡ್ರಿ, ಧೂಳು ಒರೆಸೋಕ್ಕಾಗ್ತಿಲ್ಲ" ಎಂದಳು.

ಹೇಸಿಗೆ ಹೋಗಿಲ್ಲ. ನಿನ್ನ ಮೇಲಿನದೂ ಹೋಗಿಲ್ಲ, ನನ್ನ ಮೇಲಿನದೂ ಹೋಗಿಲ್ಲ. ಆ ಹಸುವಿನ ಚೀಟಿಯ ಮಾತು ಓದಿ ಪುಡಿಯವರ ಮೇಲೂ ಬಂತು, ಈಗ ಮೂರು ಪಾಲಾಗಿದೆ. ಆದರೆ ಚೀಲ ಬದಲಾಯಿಸುವುದನ್ನು ನಾನೇ ಕಲಿತೆ. ಅದರ ಅಂಟು ಯಾವ ಕಂಪನಿಯದೋ, ಶುದ್ಧ ಕೆಲಸಗೇಡಿ. ನನ್ನ ಪೈಪಿನ ಟೇಪಿನಿಂದ ಅಂಚು ಕಟ್ಟುವ ಉಪಾಯ ಹೇಳಿದರೆ ನರ್ಸಮ್ಮ ಬೈದಳು. ಮುಂದಿನ ತಿಂಗಳಿನಿಂದ ಸಣ್ಣಪುಟ್ಟ ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಜನ ನನ್ನ ವಾಸನೆಯೋ ಅವರ ಚರಂಡಿಯ ವಾಸನೆಯೋ ಎಂದು ತಲೆ ಕೆರೆದುಕೊಳ್ಳಲಿ.

ಮೊನ್ನೆ ಡಾಕ್ಟರು ಗಟ್ಟಿ ಪದಾರ್ಥ ತಿನ್ನಬಹುದು ಎಂದರು. ಅತ್ತಿಗೆ ಆಲೂಗಡ್ಡೆ ಹುರಿದಳು. ತಟ್ಟೆ ಮುಂದೆ ಇಟ್ಟುಕೊಂಡೆ, ತಿಂದರೆ ಚೀಲಕ್ಕೆ ಏನು ಬರುತ್ತದೋ ಎಂದು ಭಯವಾಯಿತು. ಮೊದಲು ಬೇರೆ ತಿನ್ನೋಣ ಎಂದು ಅದನ್ನೆಲ್ಲ ಅಂಚಿಗೆ ಸರಿಸಿದೆ. ಐವತ್ತಮೂರು ವರ್ಷದಲ್ಲಿ ನಾನು ಹಾಗೆ ಮಾಡಿದ್ದು ಅದೇ ಮೊದಲು. ಸರಿಸಿ, ಕದಿಯಲು ಯಾರಾದರೂ ಕೈ ಚಾಚುತ್ತಾರೇನೋ ಎಂದು ಅಕ್ಕಪಕ್ಕ ನೋಡಿದೆ. ಯಾರೂ ಇರಲಿಲ್ಲ. ಕೊನೆಗೆ ಬಾಯಿಗೆ ಹಾಕಿಕೊಂಡರೆ ಐಸಿನಂತಿತ್ತು, ಎಣ್ಣೆ ಬಿಳಿಯಾಗಿ ಕಟ್ಟಿತ್ತು. ಇಷ್ಟು ವರ್ಷ ನೀನು ಇದನ್ನು ಹೇಗೆ ತಿನ್ನುತ್ತಿದ್ದೆ? ಥೂ.

ಅಂಚಿಗೆ ಇಟ್ಟದ್ದು ತಣ್ಣಗಾಗುತ್ತದೆ, ಅಂಚಮ್ಮ. ರಜ ಹಾಕಿ ಬಾ. ಮೂಗಿಗೆ ಬಟ್ಟೆ ತರಬೇಡ, ನಿನ್ನ ವಾಸನೆಯನ್ನು ನಾನು ತಡೆದುಕೊಳ್ಳುತ್ತೇನೆ, ನನ್ನದನ್ನು ನೀನು ತಡೆದುಕೊ. ಅತ್ತಿಗೆ ಹುರಿಯುತ್ತಾಳೆ. ಬಿಸಿ ಇರುವಾಗಲೇ ನನ್ನ ತಟ್ಟೆಯಿಂದ ಕದಿ.

ಅಣ್ಣ